ಹಲ್ಲಿನ ಬೇರು, ತಲೆಯ ಶೂಲೆ

ನವಲಗುಂದದ ಎರೆಭೂಮಿಯ ರೈತನೊಬ್ಬನು ತಲೆಗೆ ವಸ್ತ್ರವನ್ನು ಬಿಗಿದು, ಹಣೆಗೆ ಶುಂಠಿಯನ್ನು ತೇಯ್ದು ಹಚ್ಚಿ ಮಲಗಿದ್ದನು. ಮೂರು ದಿನಗಳಿಂದ ಕಣತಲೆ ಸಿಡಿಯುತ್ತಿತ್ತು. ಮನೆಯವರು ಬಿಸಿಲೆಂದರು, ಪಿತ್ತವೆಂದರು, ದೃಷ್ಟಿಯೆಂದು ನೀವಾಳಿಸಿದರು. ಹಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ. ನಾಲ್ಕನೆಯ ದಿನ ಮುದುಕಿ ತಾಯಿಯು, ಮಗನು ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಸಿ ಒಂದೇ ಮಗ್ಗುಲಿನಿಂದ ಅಗಿಯುವುದನ್ನು ಕಂಡಳು. ಬಾಯಿ ತೆರೆಯಿಸಿ ನೋಡಲು, ಎಡಗಡೆಯ ದವಡೆಹಲ್ಲು ಹುಳುಕಾಗಿ ಒಸಡು ಬಾತಿತ್ತು.

ಸುಶ್ರುತಸಂಹಿತೆಯು ಮುಖರೋಗಗಳು 65 ಎಂದೂ ಶಿರೋರೋಗಗಳು 11 ಎಂದೂ ಬೇರೆಬೇರೆಯಾಗಿ ಎಣಿಸಿದೆ. ಎಣಿಕೆ ಬೇರೆಯಾದರೂ ವೇದನೆಯ ಹಾದಿ ಒಂದೇ. ಹಣೆ, ಮೇಲ್ದವಡೆ, ಕೆಳದವಡೆಗಳ ನೋವನ್ನು ಒಂದೇ ನರವು ಮೂರು ಕವಲುಗಳಿಂದ ಮಿದುಳಿಗೆ ಒಯ್ಯುತ್ತದೆ. ಬೆಣ್ಣೆಹಳ್ಳಕ್ಕೆ ಮಹಾಪೂರ ಬಂದಾಗ ಯಾವ ಹೊಲದ ನೀರು ಯಾವುದೆಂದು ತಿಳಿಯದಂತೆ, ಮಿದುಳಿಗೂ ನೋವು ಹುಟ್ಟಿದ ಎಡೆ ತಿಳಿಯದೆ ಹೋಗುವುದುಂಟು. ಅಗಿಯುವ ಸ್ನಾಯುವೊಂದು ಕಣತಲೆಯಿಂದಲೇ ಕೆಳದವಡೆಗೆ ಇಳಿದಿದೆ. ಆದುದರಿಂದ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೂ ಬೆಳಿಗ್ಗೆ ತಲೆ ನೋಯಬಹುದು.

ಹಾಗೆಂದು ತಲೆನೋವೆಲ್ಲ ಹಲ್ಲಿನದಲ್ಲ. ಆ ನರವೇ ಕೆರಳಿ ದವಡೆಯಲ್ಲಿ ಮಿಂಚು ಹೊಡೆದಂತಾದಾಗ, ಗಟ್ಟಿ ಹಲ್ಲನ್ನು ಕೀಳಿಸಿಯೂ ನೋವನ್ನು ಉಳಿಸಿಕೊಂಡವರುಂಟು. ಪರೀಕ್ಷೆಯಿಲ್ಲದೆ ಕೀಳಿಸುವುದು ಎಂತಹ ಅವಿವೇಕವೋ, ಕೀವು ಕಟ್ಟಿದ ಹಲ್ಲಿಗೆ ಲವಂಗವನ್ನೊತ್ತಿ ದಿನ ನೂಕುವುದೂ ಅಂತಹದೇ. ಕೀವು ಕೊರಳಿಗಿಳಿದರೆ ಪ್ರಾಣಕ್ಕೇ ಸಂಚಕಾರ.

ರೈತನನ್ನು ಧಾರವಾಡದ ದಂತವೈದ್ಯರಲ್ಲಿಗೆ ಒಯ್ದರು. ಹಲ್ಲಿನ ಬೇರು ಶುದ್ಧವಾದ ಮೇಲೆ ಹಣೆಗೆ ಶುಂಠಿ ಬೇಕಾಗಲಿಲ್ಲ. ಮುದುಕಿಗೆ ಶಾಸ್ತ್ರ ತಿಳಿದಿರಲಿಲ್ಲ. ಮಗನು ಉಣ್ಣುವ ರೀತಿ ತಿಳಿದಿತ್ತು.