ಟ್ವಿಲೈಟ್ ರೇಟಿನಲ್ಲಿ ಲಿಂಕನ್ ಪಾರ್ಕ್

ಗಾಲ್ಫ್ ಅಂದ್ರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ಕ್ಲಬ್ ಮೆಂಬರ್‌ಶಿಪ್, ಗೇಟಿನಲ್ಲಿ ಸೆಕ್ಯುರಿಟಿ, ದೊಡ್ಡ ದೊಡ್ಡ ಕಾರು. ಬೆಂಗಳೂರಿನ ಹೈ ಗ್ರೌಂಡ್ಸ್ ಕಡೆ ಓಡಾಡುವಾಗ ಕಾಂಪೌಂಡ್ ಆಚೆಯ ಹಸಿರು ನೋಡಿದ್ದಷ್ಟೇ ನನ್ನ ಗಾಲ್ಫ್ ಪರಿಚಯವಾಗಿತ್ತು. ಕೆಲಸಕ್ಕೆ ಅಂತ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಗೊತ್ತಾಯ್ತು, ಇಲ್ಲಿ ನಗರದ ಒಡೆತನದ್ದೇ ಮೈದಾನಗಳಿವೆ, ದುಡ್ಡು ಕಟ್ಟಿದರೆ ಯಾರು ಬೇಕಾದರೂ ಆಡಬಹುದು. ಅದರಲ್ಲೂ ಸಂಜೆಯ ಟ್ವಿಲೈಟ್ ರೇಟ್ ಇನ್ನೂ ಅಗ್ಗ.

ಕಾರಣ ಸರಳ. 18 ಹೋಲ್ ಮುಗಿಸೋಕೆ ಸುಮಾರು 4 ಗಂಟೆ ಬೇಕು. ಮಧ್ಯಾಹ್ನ ಕಳೆದ ಮೇಲೆ ಶುರು ಮಾಡಿದರೆ ಕತ್ತಲಾಗೋದರೊಳಗೆ ಮುಗಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಖಾಲಿ ಹೋದ ಸಮಯ ಹೊರಟುಹೋದ ಬಸ್ಸಿನ ಖಾಲಿ ಸೀಟಿದ್ದ ಹಾಗೆ, ಆಮೇಲೆ ಮಾರೋಕಾಗಲ್ಲ. ಹಾಗಾಗಿ ರೇಟು ಇಳಿಸ್ತಾರೆ. ಒಬ್ಬರೇ ಹೋದರೆ ಅಪರಿಚಿತರ ಜೊತೆ ಸೇರಿಸ್ತಾರೆ. ನನಗೆ ಸಿಕ್ಕಿದ್ದು ಚೀನೀ ಮೂಲದ ಒಬ್ಬ ಅಜ್ಜ, ರಿಟೈರ್ಡ್ ಬಸ್ ಡ್ರೈವರ್.

ಲಿಂಕನ್ ಪಾರ್ಕ್ ಸಣ್ಣ ಮೈದಾನ. ಪಾರ್ 68, ಅಂದರೆ ಒಳ್ಳೆ ಆಟಗಾರ 68 ಹೊಡೆತದಲ್ಲಿ ಮುಗಿಸಬೇಕು. ದೊಡ್ಡ ಮೈದಾನಗಳಲ್ಲಿ ಇದು ಸಾಮಾನ್ಯವಾಗಿ 72. ಸೀರಿಯಸ್ ಆಟಗಾರರು ಸ್ವಲ್ಪ ಮೂಗು ಮುರೀತಾರೆ. ಆದರೆ ಏರಿಳಿತ, ಸೈಪ್ರೆಸ್ ಮರಗಳು, ಪಕ್ಕದಲ್ಲೇ 1924ರಲ್ಲಿ ತೆರೆದ ಲೀಜನ್ ಆಫ್ ಆನರ್ ಮ್ಯೂಸಿಯಂ. ಅದರ ಅಂಗಳದಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತ ರೊಡಾನ್‌ನ ‘ಥಿಂಕರ್’. ನನ್ನ ಹೊಡೆತಗಳನ್ನ ಅವನು ನೋಡಲಿಲ್ಲ, ಪುಣ್ಯ.

ಒಂದು ಕಡೆ ಹುಲ್ಲಿನ ನಡುವೆ ಬಾಗಿಲಿನ ಚೌಕಟ್ಟಿನ ಹಾಗಿರೋ ಹಳೇ ರಚನೆ ಕಾಣಿಸ್ತು. ಮೇಲೆ ಚೀನೀ ಅಕ್ಷರ. ಅಜ್ಜ ಕ್ಯಾಪ್ ತೆಗೆದು ಒಂದು ನಿಮಿಷ ನಿಂತರು.

‘ಇದು ನಮ್ಮವರ ಸ್ಮಶಾನ’ ಅಂದರು. ‘ನೀನು ನಿಂತಿರೋದೂ ಅಲ್ಲೇ.’

ನಿಜವೇ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಈ ಗುಡ್ಡವೆಲ್ಲ ನಗರದ ಸ್ಮಶಾನ. ಬಡವರು, ಹಡಗಿನವರು, ಬೇರೆ ಬೇರೆ ದೇಶದಿಂದ ಬಂದ ಕೂಲಿಗಳು ಇಲ್ಲಿ ಮಣ್ಣಾದರು. ಆಮೇಲೆ ಊರು ಬೆಳೀತು, ಹೂಳೋದು ನಿಂತಿತು, 1909ರಲ್ಲಿ ಜಾಗಕ್ಕೆ ಲಿಂಕನ್ ಪಾರ್ಕ್ ಅನ್ನೋ ಹೆಸರು ಬಂತು. ಗುರುತಿನ ಕಲ್ಲುಗಳು ಹೋದವು, ಹೂತ ಎಷ್ಟೋ ಜನ ಅಲ್ಲೇ ಉಳಿದರು. 1990ರ ದಶಕದಲ್ಲಿ ಮ್ಯೂಸಿಯಂ ನವೀಕರಣಕ್ಕೆ ಅಗೆದಾಗ ನೂರಾರು ಶವಪೆಟ್ಟಿಗೆಗಳು ಸಿಕ್ಕವು.

‘ಆಗ ನಮ್ಮವರು ಕೆಲವು ವರ್ಷ ಬಿಟ್ಟು ಮೂಳೆ ತೆಗೆದು ಚೀನಾದಲ್ಲಿರೋ ಊರಿಗೆ ಕಳಿಸ್ತಿದ್ರು, ಹಡಗಿನಲ್ಲಿ’ ಅಂದರು ಅಜ್ಜ. ‘ಎಲ್ಲರಿಗೂ ಆ ಭಾಗ್ಯ ಎಲ್ಲಿ? ಹೂಂ, ಹೊಡಿ, ನಿನ್ನ ಸರದಿ.’

ನಾನು ಹೊಡೆದೆ. ಚೆಂಡು ಎಲ್ಲಿಗೆ ಹೋಯ್ತೋ ಗಮನ ಇರಲಿಲ್ಲ. ವೀಸಾ, ರಜೆ, ಟಿಕೆಟ್ ರೇಟು ಅಂತ ಲೆಕ್ಕ ಹಾಕ್ತಾ ನಾನು ಊರಿಗೆ ಹೋಗೋದನ್ನ ಮುಂದೂಡ್ತಾ ಎರಡು ವರ್ಷ ಆಗಿತ್ತು.

17ನೇ ಹೋಲಿಗೆ ಬರೋ ಹೊತ್ತಿಗೆ ಬಿಸಿಲು ಅಡ್ಡ ಬಿದ್ದಿತ್ತು. ಈ ಮೈದಾನ ಪ್ರಸಿದ್ಧವಾಗಿರೋದೇ ಈ ಜಾಗಕ್ಕೆ. ಟೀ ಹತ್ತಿರ ನಿಂತರೆ ಕೆಳಗೆ ಸಮುದ್ರ, ಆಚೆ ಮರಿನ್ ಗುಡ್ಡಗಳು, ನಡುವೆ ಗೋಲ್ಡನ್ ಗೇಟ್ ಸೇತುವೆ. ಪಶ್ಚಿಮದಿಂದ ಮಂಜು ನುಗ್ಗಿ ಬಂದು ಕಂಬಗಳ ಬುಡ ಮುಚ್ಚುತ್ತಾ ಇತ್ತು, ಮೇಲಿನ ಕೆಂಪು ತುದಿಗಳು ಮಾತ್ರ ತೇಲ್ತಾ ಇದ್ದವು. ಸಾವಿರಾರು ರೂಪಾಯಿ ಕೊಟ್ಟು ನೋಡೋ ನೋಟ ಅನ್ನಿಸ್ತು, ಆದರೆ ಪಾರ್ಕಿನ ಅಂಚಲ್ಲಿ ನಡೆದು ಹೋಗೋರಿಗೆ ಸಮುದ್ರ, ಸೇತುವೆ ಎಲ್ಲ ಬಿಟ್ಟಿ. ಹೋಗೋದಾದರೆ ಜಾಕೆಟ್ ಮರೀಬೇಡಿ, ಜುಲೈನಲ್ಲೂ ಗಾಳಿ ಮೂಳೆಗೇ ಹೊಗುತ್ತೆ.

18ನೇ ಹೋಲ್ ಆಡಲಿಲ್ಲ. ಚೆಂಡೇ ಕಾಣ್ತಿರಲಿಲ್ಲ. ಅಜ್ಜ ಕೈ ಕುಲುಕಿ ಬಸ್ ಹಿಡಿಯೋಕೆ ಹೊರಟರು.

ರೂಮಿಗೆ ಬಂದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕಥೆಯೆಲ್ಲ ಹೇಳಿದೆ. ಅಲ್ಲಿ ಬೆಳಗಾಗಿತ್ತು.

‘ಸ್ಮಶಾನಕ್ಕೆ ಹೋಗಿ ಬಂದು ಹಾಗೇ ಕೂತಿದ್ದೀಯಾ? ಮೊದ್ಲು ತಲೆಗೆ ನೀರು ಹಾಕ್ಕೊಂಡು ಬಾ’ ಅಂದರು. ಸ್ನಾನ ಮುಗಿಸಿ ಬಂದಾಗಲೂ ಲೈನಿನಲ್ಲೇ ಇದ್ದರು. ‘ಡಿಸೆಂಬರ್‌ಗೆ ಟಿಕೆಟ್ ನೋಡ್ತಿದೀನಮ್ಮ’ ಅಂದೆ.