ಒಳಗಿನಿಂದ ತೆರೆಯದ ಬಾಗಿಲು

ಧಡ್! ಬಾಗಿಲು ಬಡಿಯಿತು. ಅದರ ಬೆನ್ನಿಗೇ ಇನ್ನೊಂದು ಸಣ್ಣ ಸದ್ದು: ಟಕ್. ಮೊದಲನೆಯದು ಗಾಳಿಯ ಕೆಲಸ. ಎರಡನೆಯದು ಹೊರಗಿನ ಚಿಲಕದ ಪಟ್ಟಿ ಕೊಕ್ಕೆಯೊಳಗೆ ಬಿದ್ದು ಕೂತದ್ದು. ಬನಶಂಕರಿ ಎರಡನೇ ಹಂತದ ಹಳೇ ಮನೆಯ ಹಿತ್ತಲು. ಆರಡಿ ಎತ್ತರದ ಕೋಳಿ ದೊಡ್ಡಿ. ಒಳಗೆ ಐದಾರು ಹ್ಯಾಟೆ, ಒಂದು ಹುಂಜ, ಆಗಷ್ಟೇ ಮೊಟ್ಟೆಯಿಂದ ಹೊರಬಂದ ಪಿಳ್ಳೆಗಳು, ಜೊತೆಗೆ ನಾನು.

2024ರ ಜೂನ್ 2, ಭಾನುವಾರ ಸಂಜೆ. ಅಂದು ಬೆಂಗಳೂರಿಗೆ 111.1 ಮಿಲಿಮೀಟರ್ ಮಳೆ ಬಿತ್ತು, ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು ಎಂದೆಲ್ಲ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಗೊತ್ತಿದ್ದದ್ದು ಇಷ್ಟೇ: ತಗಡಿನ ಮೇಲೆ ಕಲ್ಲು ಸುರಿದಂತೆ ಮಳೆ, ಕರೆಂಟ್ ಇಲ್ಲ, ಫೋನ್ ಅಡುಗೆ ಕಟ್ಟೆಯ ಮೇಲೆ, ಮನೆಯಲ್ಲಿರುವ ಏಕೈಕ ಮನುಷ್ಯರು ನಮ್ಮ ಅತ್ತೆ. ಅವರಿಗೆ ಎಡಗಿವಿ ಕೇಳಿಸದು. ಬಲಗಿವಿ ಮನಸ್ಸಿದ್ದರೆ ಕೇಳಿಸೀತು.

"ಅತ್ತೇ! ಅತ್ತೇ!"

ನನ್ನ ಕೂಗು ನನಗೇ ಕೇಳಿಸಲಿಲ್ಲ.

ಜಾಲರಿಯಲ್ಲಿ ಬೆರಳು ತೂರಿಸಿ ಪಟ್ಟಿ ಎತ್ತೋಣವೆಂದರೆ ಅದು ಅರ್ಧ ಇಂಚಿನ ಜಿಐ ಜಾಲರಿ. ಇಲಿ ನುಗ್ಗಬಾರದೆಂದು ಹಟ ಹಿಡಿದು ಹಾಕಿಸಿದ್ದು. ಇಲಿ ನುಗ್ಗದ ಕಿಂಡಿಯಲ್ಲಿ ಬೆರಳು ಎಲ್ಲಿ ನುಗ್ಗೀತು? ಉಗುರು ಹೋಯಿತು, ಗೆಣ್ಣು ಸಿಕ್ಕಿಕೊಂಡಿತು. ಭುಜ ಕೊಟ್ಟು ಬಾಗಿಲು ತಳ್ಳಿದೆ. ಕಬ್ಬಿಣದ ಆಂಗಲ್ ಅದು, ಮಿಸುಕಲಿಲ್ಲ. ದೊಡ್ಡಿ ಕಟ್ಟಿದವರು ಒಳ್ಳೆಯ ಕೆಲಸಗಾರರು, ಅದೇ ತೊಂದರೆ.

ಆಗ ನೀರು ಬಂತು. ಬನಶಂಕರಿ, ಜಯನಗರದ ಹಳೇ ಮನೆಗಳ ಪಾಡು ಗೊತ್ತಲ್ಲ: ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಮೇಲೇರಿದೆ, ಮನೆ ಮಾತ್ರ ಕಟ್ಟಿದ ಮಟ್ಟದಲ್ಲೇ ಉಳಿದಿದೆ. ರಸ್ತೆಯ ನೀರು ಗೇಟಿನ ಕೆಳಗೆ ನುಗ್ಗಿ, ಪಕ್ಕದ ಓಣಿಯಲ್ಲಿ ಹಾದು, ಹಿತ್ತಲಿಗೆ ಇಳಿಯಿತು. ಪಾದ ಮುಳುಗಿತು, ಹರಡು ಮುಳುಗಿತು. ದೊಡ್ಡ ಕೋಳಿಗಳು ಅಡ್ಡಗೋಲು ಹತ್ತಿದವು. ತಾಯಿಕೋಳಿ ಮಾತ್ರ ನೀರಲ್ಲೇ ನಿಂತು ರೆಕ್ಕೆ ಅಗಲಿಸಿ ಕರೆಯುತ್ತಿದೆ, ಪಿಳ್ಳೆಗಳು ಹೊಟ್ಟಿನ ಜೊತೆ ತೇಲುತ್ತಿವೆ! ಒಂದೊಂದನ್ನೇ ಬಾಚಿ ದುಪಟ್ಟಾದ ಜೋಳಿಗೆಗೆ ಹಾಕಿಕೊಂಡೆ. ಅಷ್ಟರಲ್ಲಿ ಮೂಲೆಯ ಮಣ್ಣು ಕುಸಿದು, ಬಿಲ ತುಂಬಿದ ಹೆಗ್ಗಣವೊಂದು ಬುಳಕ್ಕನೆ ಮೇಲೆದ್ದಿತು. ಅದೂ ಜೀವ ಉಳಿಸಿಕೊಳ್ಳಲು ಬಂದದ್ದೇ. ಆದರೆ ಪಿಳ್ಳೆ ಕಂಡರೆ ಬಿಡುವ ಜಾತಿಯಲ್ಲ. ನೀರಿನ ಡಬ್ಬಿ ಎತ್ತಿ ಬೀಸಿದೆ. ಹುಂಜ ಅಡ್ಡಗೋಲಿನಿಂದಲೇ ಧುಮುಕಿ ಕಾಲು ಝಾಡಿಸಿತು. ಹೆಗ್ಗಣ ಮೇವಿನ ಪೆಟ್ಟಿಗೆಯ ಹಿಂದೆ ಮರೆಯಾಯಿತು. ನನಗೆ ಬೆನ್ನು ತಿರುಗಿಸಲು ಧೈರ್ಯವಿಲ್ಲ, ತಿರುಗಿಸದೆ ಬಾಗಿಲು ತೆಗೆಯುವಂತಿಲ್ಲ.

ಮೇವಿನ ಡಬ್ಬಿ ತೂಗುಹಾಕಿದ್ದ ಕಟ್ಟುತಂತಿ ಕಣ್ಣಿಗೆ ಬಿತ್ತು. ಬಿಚ್ಚಿದೆ. ಒಂಟಿ ಎಳೆ ಮೆತ್ತಗೆ, ಭಾರಕ್ಕೆ ಬಿಚ್ಚಿಕೊಳ್ಳುತ್ತದೆ. ಮಡಚಿ ಹುರಿ ಮಾಡಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಕೊಕ್ಕೆಯಾಗಿ ಬಗ್ಗಿಸಿದೆ. ಚಿಲಕದಿಂದ ಒಂದು ಗೇಣು ಮೇಲಿನ ಕಿಂಡಿಯಲ್ಲಿ ಹೊರಕ್ಕೆ ಇಳಿಬಿಟ್ಟೆ. ಕಾಣಿಸುವುದಿಲ್ಲ, ಬೆರಳಿನ ಲೆಕ್ಕದಲ್ಲೇ ಹುಡುಕಬೇಕು. ತಗುಲಿತು. ಜಾರಿತು. ಮತ್ತೆ ತಗುಲಿತು. ಉಸಿರು ಬಿಗಿಹಿಡಿದು ತಂತಿಯನ್ನು ಒಳಕ್ಕೆ ಎಳೆದೆ. ಹೊರಗೆ ಪಟ್ಟಿ ಎದ್ದಿತು. ಮೊಣಕಾಲಲ್ಲಿ ಒದ್ದೆ. ಬಾಗಿಲು ನೀರನ್ನು ಸೀಳಿಕೊಂಡು ತೆರೆಯಿತು. ನಾನು, ಜೋಳಿಗೆಯ ಪಿಳ್ಳೆಗಳು, ಹಿಂದೆ ತಾಯಿಕೋಳಿ ಅಡುಗೆ ಮನೆಗೆ ನುಗ್ಗಿದೆವು.

ಮೇಣದಬತ್ತಿ ಹಿಡಿದ ಅತ್ತೆ ಕೇಳಿದರು: "ಏನಮ್ಮಾ, ಮಳೇಲಿ ಅಷ್ಟು ಹೊತ್ತು ಏನ್ ಮಾಡ್ತಿದ್ದೆ?"

ಆ ಚಿಲಕವನ್ನು ಬೈಯುವುದು ಸುಲಭ. ಆದರೆ ಅದು ತನಗೆ ಒಪ್ಪಿಸಿದ ಕೆಲಸವನ್ನೇ ಮಾಡಿತ್ತು. ಕೋಳಿ ಸಾಕುವವರ ತಲೆಯಲ್ಲಿ ಯಾವಾಗಲೂ ಹೊರಗಿನ ಶತ್ರುಗಳದೇ ಮೆರವಣಿಗೆ. ಇಲ್ಲಿ ಶತ್ರುಗಳೇನು ಕಡಿಮೆಯೇ? ಹಗಲಿಗೆ ಕೋತಿ, ಮುಂಗುಸಿ, ಹದ್ದು. ರಾತ್ರಿಗೆ ಬೀದಿನಾಯಿ, ಹೆಗ್ಗಣ, ಹಳೇ ಮನೆಗಳ ಅಟ್ಟದಲ್ಲಿ ಸಂಸಾರ ಹೂಡುವ ಪುನುಗುಬೆಕ್ಕು. ಸುತ್ತ ಕಾಡು, ಕೆರೆಗಳೂ ಇವೆ: ಬನಶಂಕರಿ ಆರನೇ ಹಂತದ ಆಚೆ ತುರಹಳ್ಳಿ ಕಾಡು, ಜೆ.ಪಿ. ನಗರದಲ್ಲಿ ಪುಟ್ಟೇನಹಳ್ಳಿ ಕೆರೆ, ಇನ್ನೂ ದಕ್ಷಿಣಕ್ಕೆ ಬನ್ನೇರುಘಟ್ಟದ ಕಾಡು. 2023ರ ನವೆಂಬರ್ 1ರಂದು ಕೂಡ್ಲು ಗೇಟ್ ಬಳಿ ಚಿರತೆಯೊಂದನ್ನು ಹಿಡಿದರು. ಪಾಪ, ಅದು ಅಂದೇ ಸತ್ತಿತು. ಅಂಥ ಅತಿಥಿಗೆ ಯಾವ ಚಿಲಕವೂ ಲೆಕ್ಕಕ್ಕಿಲ್ಲ ಬಿಡಿ. ಹೇಳಬೇಕೆಂದದ್ದು ಬೇರೆ: ಇಷ್ಟು ಶತ್ರುಗಳನ್ನು ಎಣಿಸುವ ನಾವು, ದಿನಕ್ಕೆರಡು ಸಲ ದೊಡ್ಡಿಯೊಳಗೆ ಹೋಗುವ ಮನುಷ್ಯರನ್ನು ಎಣಿಸುವುದೇ ಇಲ್ಲ.

ಬಾಗಿಲಿನ ಈ ಮರೆವಿಗೆ ಜಗತ್ತು ಭಾರಿ ಬೆಲೆ ತೆತ್ತಿದೆ. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳ ಪ್ರದರ್ಶನ ಮುಗಿಯುತ್ತಿತ್ತು. ಉಡುಗೊರೆಗಾಗಿ ಮಕ್ಕಳು ಮೆಟ್ಟಿಲು ಇಳಿದು ಓಡಿದರು. ಕೆಳಗಿನ ಬಾಗಿಲನ್ನು ಒಂದು ಮಗು ಹಾಯುವಷ್ಟೇ ಸಂದಿ ಬಿಟ್ಟು ಬೋಲ್ಟ್ ಹಾಕಲಾಗಿತ್ತು. ನೂಕಿನಲ್ಲಿ 183 ಮಕ್ಕಳು ಉಸಿರುಗಟ್ಟಿ ಸತ್ತರು. ಆ ದುರಂತದಿಂದ ಎಚ್ಚೆತ್ತ ರಾಬರ್ಟ್ ಬ್ರಿಗ್ಸ್ ಎಂಬಾತ, ಒಳಗಿನಿಂದ ಮೈಭಾರ ಬಿದ್ದರೆ ಸಾಕು ತೆರೆದುಕೊಳ್ಳುವ ಬೋಲ್ಟಿಗೆ 1892ರಲ್ಲಿ ಪೇಟೆಂಟ್ ಪಡೆದ. ಇಂದು ಸಿನಿಮಾ ಮಂದಿರಗಳ ತುರ್ತು ಬಾಗಿಲಲ್ಲಿ ಅಡ್ಡಕ್ಕಿರುವ ಸರಳು ಅದೇ ವಂಶದ್ದು. ಕೋಳಿ ದೊಡ್ಡಿಗೆ ಅಷ್ಟು ದೊಡ್ಡ ದುರಂತವನ್ನು ಎಳೆದು ತರುವುದು ಅತಿಯಾಯಿತು ಅನ್ನಿಸಬಹುದು. ನೀರಲ್ಲಿ ನಿಂತಿದ್ದವಳು ನಾನು, ಸ್ವಲ್ಪ ಸಹಿಸಿಕೊಳ್ಳಿ.

ನೀರಿಳಿದ ಮೇಲೆ ಹೊಸ ಚಿಲಕದ ಬೇಟೆ ಶುರುವಾಯಿತು. ಜಯನಗರ ನಾಲ್ಕನೇ ಬ್ಲಾಕಿನ ಹಾರ್ಡ್‌ವೇರ್ ಅಂಗಡಿ.

"ಏನ್ ಕೊಡ್ಲಿ ಮೇಡಂ?"

"ಎರಡೂ ಕಡೆಯಿಂದ ತೆಗೆಯೋ ಚಿಲಕ. ಕೋಳಿ ದೊಡ್ಡಿಗೆ."

ಅಂಗಡಿಯವರು ಮೊದಲು ಟವರ್ ಬೋಲ್ಟ್ ಇಟ್ಟರು. ಎರಡು ತಗೊಳ್ಳಿ, ಒಳಗೊಂದು ಹೊರಗೊಂದು ಅಂದರು. ಹಾಗೆ ಹಾಕಿದರೆ ಒಂದರ ಬದಲು ಎರಡು ಸೆರೆಮನೆ. ಅಲ್ಡ್ರಾಪ್ ಗಟ್ಟಿ, ಬೀಗಕ್ಕೆ ಒಳ್ಳೆಯದು, ಅದೂ ಒಂದೇ ಮುಖದ್ದು. ಹಿಡಿಕೆಯಿರುವ ಮಾರ್ಟೈಸ್ ಲಾಕ್ ಎರಡೂ ಕಡೆಯಿಂದ ತೆರೆಯುತ್ತದೆ ನಿಜ, ಆದರೆ ಅದನ್ನು ಕೂರಿಸಲು ದಪ್ಪ ಮರದ ಬಾಗಿಲು ಬೇಕು, ನನ್ನದು 25 ಎಂಎಂ ಆಂಗಲ್. ಸಾಲದ್ದಕ್ಕೆ ಕೋತಿ ಜೋತುಬಿದ್ದರೆ ಹಿಡಿಕೆ ಕೆಳಗಿಳಿದು ಬಾಗಿಲು ತಾನೇ ತೆರೆದೀತು. ಮ್ಯಾಗ್ನೆಟ್ ನಾಯಿಯ ಒಂದು ನೂಕಿಗೆ ಸಾಲದು. ತೂತಿನಲ್ಲಿ ದಾರ ಹಾಯಿಸಿ ಪಟ್ಟಿ ಎತ್ತುವ ಉಪಾಯ ಅಗ್ಗ, ಆದರೆ ದಾರ ಇಲಿಯ ಹಲ್ಲಿಗೆ.

ಕೊನೆಗೆ ಕತ್ರಿಗುಪ್ಪೆ ಕಡೆಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ, ಸಿಮೆಂಟ್ ಚೀಲದ ಮೇಲೆ ಸೀಮೆಸುಣ್ಣದಿಂದ ಗೀಚುತ್ತಾ, ವೆಲ್ಡರ್ ತಮ್ಮನೂ ನಾನೂ ಒಂದು ಚಿಲಕ ಕಟ್ಟಿದೆವು. ಬಾಗಿಲನ್ನು ಈ ಬದಿಯಿಂದ ಆ ಬದಿಗೆ ಹಾಯುವ 12 ಎಂಎಂ ಸರಳು. ಅದು ಸಲೀಸಾಗಿ ತಿರುಗಲು ಪೈಪಿನ ತುಂಡೊಂದು. ಎರಡೂ ತುದಿಗೆ ಹಿಡಿ. ಹೊರಮುಖದಲ್ಲಿ ಪಟ್ಟಿಯ ನಾಲಗೆ, ಅದು ಕೂರಲು ಚೌಕಟ್ಟಿಗೆ ಕೊಕ್ಕೆ, ನಾಲಗೆ ನೇರವಾಗಿ ಮೇಲೇಳದಂತೆ ಕೊಕ್ಕೆಯಲ್ಲೊಂದು ತಡೆ. ಒಳಗಡೆ ಬಿಗಿ ಸ್ಪ್ರಿಂಗು. ಹೊರಗಿರುವವರು ಎಳೆದು ಎತ್ತಬೇಕು, ಒಳಗಿರುವವರು ತಳ್ಳಿ ಎತ್ತಬೇಕು. ಎರಡು ಚಲನೆ ಒಟ್ಟಿಗೆ ಆಗದೆ ಬಾಗಿಲು ಬಿಡದು. ಗಾಳಿ ಬಡಿದರೂ ನಾಲಗೆ ಕೊಕ್ಕೆಯ ಹೊರಗೇ ತಾಗಿ ನಿಲ್ಲುತ್ತದೆ, ತಾನಾಗಿ ಬೀಳುವುದಿಲ್ಲ.

ಕೂರಿಸುವಾಗ ಅವಸರ ಮಾಡಿದರೆ ಕೆಟ್ಟಂತೆ. ಮೊದಲು ಬಾಗಿಲು ಜೋತಿದೆಯೇ ನೋಡಬೇಕು; ಜೋತ ಬಾಗಿಲಿಗೆ ಅಳತೆ ತೆಗೆದರೆ ಆಮೇಲೆ ಹಿಂಜು ಬಿಗಿ ಮಾಡಿದ ದಿನ ನಾಲಗೆ ಕೊಕ್ಕೆಗೆ ಸಿಗುವುದಿಲ್ಲ. ಗುರುತಿನ ಮೇಲೆ ಸೆಂಟರ್ ಪಂಚ್ ಹೊಡೆದು, ಡ್ರಿಲ್ ನಿಧಾನಕ್ಕೆ ಬಿಟ್ಟು, ಎಣ್ಣೆ ಹನಿಸುತ್ತಾ ತೂತು. ಕೊಕ್ಕೆಯಲ್ಲಿ ಕೆಳಕ್ಕೆ ಒಂದಿಷ್ಟು ಸಡಿಲ, ಮುಂದೆ ಬಾಗಿಲು ಇಳಿದರೂ ನಡೆಯುವಂತೆ. ಬೋಲ್ಟಿನ ನುಣುಪು ತಲೆ ಹೊರಕ್ಕೆ, ನಟ್ಟು ಒಳಕ್ಕೆ, ಸಡಿಲವಾಗದ ನೈಲಾಕ್ ನಟ್ಟು. ಕೊರೆದ, ಸುಟ್ಟ ಜಾಗಕ್ಕೆಲ್ಲ ರೆಡ್ ಆಕ್ಸೈಡ್. ಎತ್ತರ ಅತ್ತೆಯ ಮೊಣಕೈ ಮಟ್ಟ, ನನ್ನದಲ್ಲ.

ರಾತ್ರಿಗೆಂದು ನಾಲಗೆಯ ಮೇಲೆ ಅಡ್ಡ ಹಾಯುವ ಒಂದು ಪಿನ್ನು. ಪುನುಗುಬೆಕ್ಕಿಗೆ ಅದೇ ಮದ್ದು. ಇಲ್ಲೇ ಜಗಳ ಬಂದದ್ದು.

"ಪಿನ್ನಿಗೆ ಚೈನ್ ಹಾಕ್ಬಿಡ್ತೀನಿ ಅಕ್ಕಾ, ಕಳೆದೋಗಲ್ಲ."

"ಬೇಡ."

"ಎಲ್ಲರೂ ಹಾಕಿಸ್ತಾರೆ ಅಕ್ಕಾ."

ಚೈನ್ ಹಾಕಿದರೆ ಪಿನ್ನು ಯಾವಾಗಲೂ ಹೊರಗೇ ನೇತಾಡುತ್ತದೆ. ನಾನು ಒಳಗಿರುವುದು ಕಾಣದೆ ಅತ್ತೆ ಅದನ್ನು ಸಿಕ್ಕಿಸಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಪಿನ್ನು ಒಂದೇ, ಒಳಗೆ ಹೋಗುವವರು ಅದನ್ನು ಕೈಲಿ ಹಿಡಿದೇ ಹೋಗಬೇಕು. ಅತ್ತೆ ಅದನ್ನು ಬೀಗದಕೈ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಪರೀಕ್ಷೆಯೂ ಅವರದೇ: ಕಣ್ಣು ಮುಚ್ಚಿ, ಕೈಗೆ ನೀರು ಸವರಿಕೊಂಡು, ಎಡಗೈಲಿ ಮೊಟ್ಟೆ ಬುಟ್ಟಿ ಹಿಡಿದು, ಒಳಗಿನಿಂದ ತಳ್ಳಿ ಎತ್ತಿದರು. ಬಾಗಿಲು ತೆರೆಯಿತು. "ಸ್ಪ್ರಿಂಗ್ ಗಟ್ಟಿಯಾಯ್ತು" ಎಂಬ ಒಂದು ತಕರಾರಿನೊಂದಿಗೆ ಪಾಸು.

ಕೋತಿಗಳ ದಂಡು ಬಂದದ್ದು ಒಂದು ಮಟಮಟ ಮಧ್ಯಾಹ್ನ. ಪಿನ್ನು ಹಾಕಿರಲಿಲ್ಲ. ಗಡವ ನೇರವಾಗಿ ಹಿಡಿಯ ಮೇಲೆ ಕೈಯಿಟ್ಟಿತು! ಎತ್ತಿತು, ತಡೆಗೆ ತಾಗಿತು. ಜೋತುಬಿದ್ದಿತು, ನಾಲಗೆ ಇನ್ನೂ ಬಿಗಿಯಾಗಿ ಕೂತಿತು. ಎಳೆಯಿತು, ಸ್ಪ್ರಿಂಗು ಒಂದಿಂಚು ಬಂತು, ಕಿಟಕಿಯ ಹಿಂದೆ ನನ್ನ ಎದೆ ಬಾಯಿಗೆ ಬಂತು. ಎಳೆದ ಕೈಯಲ್ಲೇ ಎತ್ತಿದ್ದರೆ ಮುಗಿಯುತ್ತಿತ್ತು. ಅದು ಕೈಬಿಟ್ಟು ಹಲ್ಲು ಕಿಸಿಯಿತು. ಒಳಗಿಂದ ಹುಂಜ ಬೈದದ್ದು ಇಡೀ ಬೀದಿಗೆ ಕೇಳಿಸಿರಬೇಕು. ದಂಡು ಕಾಂಪೌಂಡ್ ಏರಿ ಪಕ್ಕದ ಮನೆಯ ಸೀಬೆ ಮರಕ್ಕೆ ಹೋಯಿತು. ಗಡವ ಮಾತ್ರ ಗೋಡೆಯ ಮೇಲೆ ಕೂತು, ಅತ್ತೆ ಬಂದು ಬಾಗಿಲು ಹೇಗೆ ತೆಗೆಯುತ್ತಾರೆಂದು ಕತ್ತು ಚಾಚಿ ನೋಡುತ್ತಿತ್ತು. ಅಂದಿನಿಂದ ಹಗಲಲ್ಲೂ ಪಿನ್ನು.