ಸಮ್ಮೇಳನಕ್ಕೆ ಬಂದವರೂ ದುರ್ಗದ ನೀರೂ

ಚಿತ್ರದುರ್ಗದಲ್ಲಿ ಯಾವುದಾದರೊಂದು ನೌಕರರ ಸಂಘದ ರಾಜ್ಯ ಸಮ್ಮೇಳನ ಗೊತ್ತಾಯಿತೆಂದರೆ ನಮ್ಮ ಮನೆಯ ದೂರವಾಣಿಗೆ ಬಿಡುವಿರುವುದಿಲ್ಲ. ಶಿಕ್ಷಕರಿರಲಿ, ಅಂಚೆಯವರಿರಲಿ, ವಿಮೆಯವರಿರಲಿ, ಪ್ರತಿನಿಧಿಯಾಗಿ ಬರುವ ಬಂಧುಗಳೂ ಬಂಧುಗಳ ಬಂಧುಗಳೂ ಕೇಳುವ ಪ್ರಶ್ನೆಗಳು ಮೂರೇ: ಹೇಗೆ ಬರುವುದು, ಎಲ್ಲಿ ಇಳಿದುಕೊಳ್ಳುವುದು, ಏನು ನೋಡುವುದು. ಮೂರನೆಯದಕ್ಕೆ ಅವರೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ: ಕೋಟೆ, ಒನಕೆ ಓಬವ್ವನ ಕಿಂಡಿ. ಊಟದ ವಿರಾಮದಲ್ಲಿ ಓಡಿಹೋಗಿ ಕಿಂಡಿಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡು, ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಅಂಥವರನ್ನು ಬಹುಕಾಲ ನಾವೇ ಹಾಗೆ ಓಡಿಸಿದ್ದೇವೆ. 2023ರ ಮಾರ್ಚ್ ತಿಂಗಳಲ್ಲಿ ಒದಗಿದ ಒಂದು ಪ್ರಸಂಗದಿಂದ ಆ ಚಾಳಿಯನ್ನು ಬಿಟ್ಟೆವು. ಅದನ್ನು ಮುಂದೆ ನಿವೇದಿಸುತ್ತೇವೆ.

ಮೊದಲು ಹಾದಿಯ ಮಾತು. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರುಗಳ ಮೇಲೆ ಹೆದ್ದಾರಿಯಲ್ಲಿ ದುರ್ಗಕ್ಕೆ ಸುಮಾರು 200 ಕಿ.ಮೀ. ದಾವಣಗೆರೆಯಿಂದ 60. ಶಿವಮೊಗ್ಗದ ಕಡೆಯವರಿಗೆ ಹೊಳಲ್ಕೆರೆಯೇ ಹೆಬ್ಬಾಗಿಲು. ರೈಲಿನವರು ಮಾತ್ರ ಎಚ್ಚರದಿಂದಿರಬೇಕು. ಬೆಂಗಳೂರು-ಹುಬ್ಬಳ್ಳಿ ನಡುವಣ ಬಹುತೇಕ ಗಾಡಿಗಳು ಚಿತ್ರದುರ್ಗಕ್ಕೆ ಬರುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಇಳಿದು ಬರಬೇಕು. ಅದೇ ಮಾರ್ಗದಲ್ಲಿ ‘ಹೊಸದುರ್ಗ ರೋಡ್’ ಎಂಬ ನಿಲ್ದಾಣವೊಂದಿದೆ. ಹೆಸರಿನಲ್ಲಿರುವ ‘ರೋಡ್’ ಎಂಬ ಮಾತನ್ನು ಗಮನಿಸದೆ ನಡುರಾತ್ರಿಯಲ್ಲಿ ಇಳಿದು, ಊರೆಲ್ಲಿ ಎಂದು ಹುಡುಕಿದವರನ್ನು ನಾವು ಬಲ್ಲೆವು. ಕಾಸರಗೋಡು ಜಿಲ್ಲೆಯಲ್ಲಿಯೂ ಒಂದು ಹೊಸದುರ್ಗವಿದೆ. ಆ ಕಡೆಯ ಕನ್ನಡ ಬಂಧುಗಳಿಗೆ ವಿಳಾಸ ಹೇಳುವಾಗ ‘ಚಿತ್ರದುರ್ಗದ ಹೊಸದುರ್ಗ’ ಎಂದು ಬಿಡಿಸಿ ಹೇಳದಿದ್ದರೆ ಅವರು ತಮ್ಮ ಊರಿನಲ್ಲಿಯೇ ಉಳಿದಾರು!

ವಸತಿಯ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬಸ್ ನಿಲ್ದಾಣದ ಆಸುಪಾಸಿನಲ್ಲಿ ವಸತಿಗೃಹಗಳಿವೆ. ಸಮ್ಮೇಳನದ ಸ್ವಾಗತ ಸಮಿತಿಯವರು ಕಲ್ಯಾಣಮಂಟಪ, ವಿದ್ಯಾರ್ಥಿನಿಲಯಗಳನ್ನು ಗೊತ್ತುಮಾಡಿರುತ್ತಾರೆ. ವಯಸ್ಸಾದವರು ಕೆಳ ಅಂತಸ್ತಿನಲ್ಲಿಯೇ ಕೋಣೆ ಕೇಳಿ ಪಡೆಯುವುದು ಲೇಸು. ಮರುದಿನ ಕೋಟೆಯ ಮೆಟ್ಟಿಲುಗಳು ಕಾದಿರುತ್ತವೆ. 2009ರ ಫೆಬ್ರವರಿಯಲ್ಲಿ ಎಲ್. ಬಸವರಾಜು ಅವರ ಅಧ್ಯಕ್ಷತೆಯಲ್ಲಿ 75ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗ ನಮ್ಮ ಪಡಸಾಲೆಯಲ್ಲಿ ಹನ್ನೊಂದು ಜನ ಮಲಗಿದ್ದರು. ಅಲ್ಲಮನ ವಚನಗಳ ಸಂಪಾದನೆಗೆ ಆಯುಷ್ಯವನ್ನು ಸವೆಸಿದ ಆ ಹಿರಿಯರ ಭಾಷಣವನ್ನು ಕೇಳಿ ಬಂದು, ಹನ್ನೊಂದು ಜನವೂ ಸರಿರಾತ್ರಿಯವರೆಗೆ ವಾದ ಮಾಡಿದರು. ಹಾಸಿಗೆ ಸಾಲದೆ ಮನೆಯವರು ಜಮಖಾನೆ ಹಾಸಿದ್ದರು. ಯಾರೂ ದೂರಲಿಲ್ಲ.

ಮಠಗಳಲ್ಲಿ ಇಳಿದುಕೊಳ್ಳಬಯಸುವವರು ಮುಂಚಿತವಾಗಿ ತಿಳಿಸಬೇಕು. ನಾವು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಓದಿದವರು. ಬಂದವರಿಗೆ ಮೊದಲು ಕೈಕಾಲಿಗೆ ನೀರು, ಅನಂತರ ಕುಡಿಯಲು ನೀರು, ಊರು-ಹೆಸರು ಕೇಳುವುದು ಆಮೇಲೆ ಎಂಬುದು ನಮಗೆ ಕಲಿಸಿದ ಮೊದಲ ಪಾಠ. ಬಚ್ಚಲಿಗೆ ಎರಡು ತಂಬಿಗೆ ಹೆಚ್ಚು ಸುರಿದರೆ ಹಿರಿಯರು ಏನೂ ಅನ್ನುತ್ತಿರಲಿಲ್ಲ. ಮರುದಿನ ಬಾವಿಯಿಂದ ಸೇದುವ ಸರದಿ ನಮಗೇ ಬರುತ್ತಿತ್ತು.

ಇನ್ನು ಆ ಪ್ರಸಂಗ. ನೌಕರರ ಸಂಘವೊಂದರ ಪ್ರತಿನಿಧಿಗಳು ಎಂಟು ಮಂದಿಯನ್ನು ಕೋಟೆಗೆ ಕರೆದೊಯ್ಯುವ ಭಾರವನ್ನು ಸ್ನೇಹಿತರು ನಮಗೆ ಒಪ್ಪಿಸಿದ್ದರು. ಬೆಳಗಿನ ಗೋಷ್ಠಿ ಮುಗಿದು ಊಟವಾಗುವ ಹೊತ್ತಿಗೆ ಒಂದು ಗಂಟೆ ಮೀರಿತ್ತು. ಸಂಜೆ ಮತ್ತೆ ಗೋಷ್ಠಿ. ಈಗಲೇ ಹೋಗಿಬರೋಣವೆಂದು ನಾವೇ ಅವಸರಪಡಿಸಿದೆವು. ಏಳು ಸುತ್ತಿನ ಕೋಟೆ, ನಾಯಕರ ವಂಶಾವಳಿ, 1779ರಲ್ಲಿ ಹೈದರಾಲಿಯ ವಶವಾದ ಬಗೆ ಎಲ್ಲವನ್ನೂ ಸೊಗಸಾಗಿ ಬಣ್ಣಿಸುತ್ತ ಮುಂದೆ ನಡೆದೆವು. ಕೈಯಲ್ಲಿ ಒಂದು ಶೀಶೆ ನೀರೂ ಇರಲಿಲ್ಲ. ಬಂಡೆಗಳೆಲ್ಲ ಕಾದ ಹಂಚಿನಂತಾಗಿದ್ದವು. ಬೀದರಿನಿಂದ ಬಂದಿದ್ದ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರೊಬ್ಬರು ಹಿಂದೆ ಬಿದ್ದುದು ನಮ್ಮ ಗಮನಕ್ಕೇ ಬರಲಿಲ್ಲ. ತಿರುಗಿ ನೋಡಿದರೆ ಗೋಡೆಗೆ ಒರಗಿ ಕುಳಿತಿದ್ದಾರೆ. ಮುಖ ಬಿಳಿಚಿಕೊಂಡಿದೆ, ಮಾತು ಹೊರಡುತ್ತಿಲ್ಲ.

ದಾರಿಯ ಬದಿಯಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಣ್ಣುಮಗಳೊಬ್ಬಳು ಎದ್ದು ಬಂದು, ಒದ್ದೆಬಟ್ಟೆ ಸುತ್ತಿಟ್ಟುಕೊಂಡಿದ್ದ ತನ್ನ ಬಿಂದಿಗೆಯಿಂದ ಅವರ ನೆತ್ತಿಗೆ ತಟ್ಟಿ, ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಬಿಂದಿಗೆ ಮುಗಿಯಿತು. ದಿನವಿಡೀ ಬಿಸಿಲಿನಲ್ಲಿ ಕುಳಿತುಕೊಳ್ಳುವವಳ ನೀರು ಅದು. ಅವರು ಚೇತರಿಸಿಕೊಂಡ ಮೇಲೆ ನಾವು ಜೇಬಿಗೆ ಕೈಹಾಕಿದೆವು. ಆಕೆ, “ನೀರಿಗೆಲ್ಲ ದುಡ್ಡು ಇಸ್ಕಂತಾರೇನ್ ಸ್ವಾಮಿ? ಹೊತ್ತು ನೋಡ್ಕಂಡು ಕರ್ಕಂಬರದಲ್ವಾ ದೊಡ್ಡೋರ್ನ?” ಎಂದಳು. ಕೋಟೆಯ ಇತಿಹಾಸವನ್ನೆಲ್ಲ ಬಲ್ಲೆವೆಂದುಕೊಂಡಿದ್ದ ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕೋಟೆಯನ್ನು ಎಷ್ಟೋ ಸಲ ಹತ್ತಿದ್ದೆವು. ಆದರೆ ಕಲ್ಲನ್ನು ಕಂಡಷ್ಟು ನೀರನ್ನು ಕಂಡಿರಲಿಲ್ಲ. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಊರಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಹನಿಯನ್ನು ಮೇಲಿನವರು ಬಳಸಿ, ಉಳಿದುದನ್ನು ಕೆಳಗಿನವರಿಗೆ ಕಳುಹಿಸುವ ವ್ಯವಸ್ಥೆ ಇದು. ಮುತ್ತಿಗೆಯ ಕಾಲದಲ್ಲಿ ದುರ್ಗವನ್ನು ಕಾದುದು ಗೋಡೆಯಷ್ಟೇ ಅಲ್ಲ, ಈ ಹೊಂಡಗಳೂ ಹೌದು. ಓಬವ್ವನ ಕಥೆಯನ್ನೇ ನೋಡಿರಿ. ಊಟಕ್ಕೆ ಕುಳಿತ ಗಂಡನಿಗೆ ಕುಡಿಯುವ ನೀರು ತರಲೆಂದು ಹೊರಟವಳಿಗಲ್ಲವೆ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳು ಕಂಡದ್ದು! ಕಿಂಡಿಯ ಬಳಿಯಲ್ಲಿಯೇ ತಣ್ಣೀರು ದೋಣಿಯಿದೆ. ಕಿಂಡಿಯ ಮುಂದೆ ನಿಲ್ಲುವವರಲ್ಲಿ ದೋಣಿಯನ್ನು ಇಣುಕಿ ನೋಡುವವರು ವಿರಳ. ಮೇಲುದುರ್ಗದಲ್ಲಿ, ಬಿಚ್ಚುಗತ್ತಿ ಭರಮಣ್ಣನಾಯಕನು ಶಾಂತವೀರ ಸ್ವಾಮಿಗಳಿಗಾಗಿ ಕಟ್ಟಿಸಿದನೆಂದು ಪರಂಪರೆ ಹೇಳುವ ಮುರುಘಾಮಠದ ಹಳೆಯ ಕಟ್ಟಡವಿದೆ. ನಮ್ಮ ಮನೆತನಗಳವರು ಅಲ್ಲಿಯವರೆಗೂ ತಪ್ಪದೆ ಹೋಗಬೇಕು.

ಊರಿಗೆ ಅಂಟಿಕೊಂಡಿರುವ ಚಂದ್ರವಳ್ಳಿಯಲ್ಲಿಯೂ ಇದೇ ಮಾತು. ಅಂಕಲಿಮಠದ ಗುಹೆಗಳ ಕತ್ತಲೆಯನ್ನು ಹೊಕ್ಕು ಬಂದವರು ಭೈರವೇಶ್ವರ ಗುಡಿಯ ಬಳಿಯ ಬಂಡೆಶಾಸನವನ್ನು ನೋಡದೆ ಹೋಗುತ್ತಾರೆ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಪ್ರಕಟಪಡಿಸಿದ ಈ ಪ್ರಾಕೃತ ಶಾಸನ ಕದಂಬ ಮಯೂರಶರ್ಮನದು. ಅವನ ವಿಜಯಗಳ ಜೊತೆಗೆ ಅದು ದಾಖಲಿಸುವುದು ಒಂದು ಕೆರೆಯನ್ನು. ಇಲ್ಲಿಯ ಉತ್ಖನನದಲ್ಲಿ ರೋಮನ್ ನಾಣ್ಯಗಳು ದೊರೆತಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಅಗೆದು ನೋಡಿದರು. ನಮಗೆ ಮಾತ್ರ ನಾಣ್ಯಕ್ಕಿಂತ ಕೆರೆಯೇ ದೊಡ್ಡದೆನಿಸುತ್ತದೆ.

ಮರುದಿನ ಬೀದರಿನ ಹಿರಿಯರು ನಮ್ಮನ್ನು ಹುಡುಕಿಕೊಂಡು ಬಂದು, “ಶಾಸ್ತ್ರಿಗಳೇ, ವಸತಿಗೃಹದ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತದಲ್ಲ, ಅದು ಎಲ್ಲಿಯದು?” ಎಂದು ಕೇಳಿದರು. ದುರ್ಗಕ್ಕೆ ನೀರು ಬರುವುದು ಚನ್ನಗಿರಿ ಸೀಮೆಯ ಶಾಂತಿಸಾಗರದಿಂದ ಮತ್ತು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದಿಂದ ಎಂದೆವು. “ಹಾಗಾದರೆ ಅದನ್ನು ತೋರಿಸಿ” ಎಂದರು. ಎಂಟೂ ಜನ ಒಂದು ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ದುರ್ಗದಿಂದ ಹಿರಿಯೂರು, ಅಣೆಕಟ್ಟೆ, ಹೊಸದುರ್ಗ, ಹೊಳಲ್ಕೆರೆ, ಮತ್ತೆ ದುರ್ಗ: ಒಂದು ದಿನದ, ಸುಮಾರು 160 ಕಿ.ಮೀ.ಗಳ ಸುತ್ತು. ಈಗ ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇವೆ.

ಹಿರಿಯೂರಿನಲ್ಲಿ ವೇದಾವತಿಯ ದಡದ ತೇರುಮಲ್ಲೇಶ್ವರನ ಗುಡಿಯಲ್ಲಿ ತಲೆಯೆತ್ತಿ ನೋಡಬೇಕು. ಮಾಳಿಗೆಯ ಒಳಮೈಯಲ್ಲಿ ಶಿವಪುರಾಣದ ಪ್ರಸಂಗಗಳು ಬಣ್ಣದಲ್ಲಿವೆ. ಅಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಎರಡು ಗುಡ್ಡಗಳ ನಡುವಣ ಮಾರಿಕಣಿವೆಗೆ ಅಡ್ಡಲಾಗಿ ವೇದಾವತಿಯನ್ನು ತಡೆದು ನಿಲ್ಲಿಸಿದ ವಾಣಿವಿಲಾಸ ಸಾಗರ. ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ, 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಕಲ್ಲೂ ಸುಣ್ಣದ ಗಾರೆಯೂ ಹೊತ್ತು ನಿಂತ ಕಟ್ಟೆ. ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. 1933ರಲ್ಲಿ ಕೋಡಿ ಹರಿದುದೇ ಹರಿದುದು, ಆಮೇಲೆ 89 ವರ್ಷ ಕೋಡಿ ಒಣಗಿಯೇ ಇತ್ತು. ಮೂರು ತಲೆಮಾರು ಆ ಕಥೆಯನ್ನು ಕೇಳಿ ಬೆಳೆಯಿತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಬುತ್ತಿ ಕಟ್ಟಿಕೊಂಡು ನೋಡಹೋದವರಲ್ಲಿ ನಾವೂ ಇದ್ದೆವು. ಪಕ್ಕದಲ್ಲಿ ನಿಂತ ಅಜ್ಜಿಯೊಬ್ಬರು ಕೈಮುಗಿದುಕೊಂಡೇ ಇದ್ದರು. 2025ರ ಜನವರಿಯಲ್ಲಿ ಅದು ಮತ್ತೊಮ್ಮೆ ತುಂಬಿ ಹರಿಯಿತು.

ಕಟ್ಟೆಯ ಮೇಲೆ ನಿಂತ ಬೀದರಿನ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಎರಡು ದಿನದಿಂದ ದಿನಕ್ಕೆ ಮೂರು ಬಕೀಟು ಸುರಿದುಕೊಂಡೆ” ಎಂದಷ್ಟೇ ಅಂದರು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಶರಣರ ಮಾತನ್ನು ರಂಗದ ಮೇಲೆ ಊರೂರಿಗೆ ಒಯ್ಯುವ ಶಿವಸಂಚಾರದ ನೆಲೆ ಅದು. ನವೆಂಬರ್ ತಿಂಗಳ ಸಮ್ಮೇಳನಕ್ಕೆ ಬರುವವರು ಅಲ್ಲಿಯ ನಾಟಕೋತ್ಸವದ ದಿನಗಳನ್ನು ವಿಚಾರಿಸಿಕೊಂಡು ಹೊರಟರೆ, ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಹಳ್ಳಿಯವರ ಜೊತೆ ಕುಳಿತು ನಾಟಕ ನೋಡುವ ಭಾಗ್ಯ ದೊರೆಯುತ್ತದೆ. ಹೊಳಲ್ಕೆರೆಯಲ್ಲಿ ಜನ ಬಯಲು ಗಣಪನೆಂದು ಕರೆಯುವ ಬೃಹತ್ ಶಿಲಾಮೂರ್ತಿಯಿದೆ. ಇಷ್ಟಲಿಂಗಾರಾಧಕರಾದ ನಮಗೆ ಅಲ್ಲೇನು ಕೆಲಸವೆಂದು ಗುಂಪಿನ ತರುಣನೊಬ್ಬ ಕೇಳಿದ. ಕಲ್ಲುಕುಟಿಗನ ಕಾಯಕವನ್ನು ನೋಡಲು ಬಂದಿದ್ದೇವೆ ಎಂದೆವು. ಅವನಿಗೆ ಸಮಾಧಾನವಾಯಿತೋ ಇಲ್ಲವೋ, ಹೊಟ್ಟೆಗೆ ಮಾತ್ರ ಪೇಟೆಯ ಮಂಡಕ್ಕಿ-ಮೆಣಸಿನಕಾಯಿಯಿಂದ ಸಮಾಧಾನವಾಯಿತು.

ಹೊರಡುವ ದಿನ ಮುಂಜಾನೆ ಕೋಟೆಯ ಬಾಗಿಲು ತೆರೆಯುತ್ತಲೇ ಮತ್ತೆ ಹತ್ತಬೇಕೆಂದು ಹಠ ಹಿಡಿದವರು ಆ ಹಿರಿಯರೇ. ತಂಪು ಹೊತ್ತು, ಎಲ್ಲರ ಹೆಗಲಲ್ಲೂ ನೀರು. ಗೋಪಾಲಸ್ವಾಮಿ ಹೊಂಡದವರೆಗೆ ನಿಧಾನವಾಗಿ ಹೋಗಿ, ತಣ್ಣೀರು ದೋಣಿಯನ್ನು ಇಣುಕಿ, ಇಳಿದು ಬಂದೆವು. ಕಡಲೆಕಾಯಿಯವಳು ಆಗತಾನೆ ಬಿಂದಿಗೆಗೆ ಬಟ್ಟೆ ಸುತ್ತುತ್ತಿದ್ದಳು. ಹಿರಿಯರು ಅವಳ ಮುಂದೆ ಕುಳಿತು, ಗುರುತು ಸಿಕ್ಕಿತೇ ತಾಯಿ ಎಂದು ವಿಚಾರಿಸಿ, ಎಂಟು ಜನಕ್ಕೂ ನಮಗೂ ಸೇರಿಸಿ ಒಂಬತ್ತು ಪೊಟ್ಟಣ ಕೊಂಡರು. ಆ ಹಣವನ್ನು ಆಕೆ ಎರಡು ಸಲ ಎಣಿಸಿ, ಚಿಲ್ಲರೆ ಹಿಂದಿರುಗಿಸಿದಳು.